ಶಹಾಬಾದ್ ಪರಸಿಯಿಂದ ಶುರುವಾಗುವ ಸ್ಲೈಡ್ ಪಾಠ

ಹತ್ತನೇ ತರಗತಿಯ ವಿಜ್ಞಾನದಲ್ಲಿ ಮೊದಲ ಪಾಠವೇ ರಾಸಾಯನಿಕ ಕ್ರಿಯೆಗಳದ್ದು. ಅದರಲ್ಲಿ ಸುಣ್ಣ ಬರುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬಿಸಿಯಾಗಿ ಅರಳುವುದು, ಗೋಡೆಗೆ ಬಳಿದ ಸುಣ್ಣ ಎರಡು ಮೂರು ದಿನ ಬಿಟ್ಟು ಹೊಳಪು ಪಡೆಯುವುದು, ಎಲ್ಲ ಇದೆ. ಕಲಬುರಗಿ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಯಾವುದಿದೆ? ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಪರಸಿ ಸುಣ್ಣದ ಕಲ್ಲೇ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಸುಣ್ಣದ ಕಲ್ಲಿನ ಕಾರಣಕ್ಕೆ.

ಆದರೆ ನಾನು ಈ ಪಾಠಕ್ಕೆ ಮೊದಲ ಸಲ ಪಿಪಿಟಿ ಮಾಡಿದಾಗ ಅದರಲ್ಲಿ ಪರಸಿಯೂ ಇರಲಿಲ್ಲ, ಗೋಡೆಯೂ ಇರಲಿಲ್ಲ. 42 ಸ್ಲೈಡ್ ಇದ್ದವು. ಪುಸ್ತಕದ ಸಾಲುಗಳನ್ನೇ ಟೈಪ್ ಮಾಡಿದ್ದೆ. ನಾನು ಓದಿದೆ, ಮಕ್ಕಳು ನೋಡಿಕೊಂಡು ಬರೆದರು, ಗಂಟೆ ಹೊಡೆಯಿತು. ಮರುದಿನ ಕೇಳಿದರೆ ಇಡೀ ತರಗತಿ ಸುಮ್ಮನಿತ್ತು. ಆಮೇಲೆ ಒಂದೊಂದಾಗಿ ತಿದ್ದಿಕೊಳ್ಳುತ್ತಾ ಬಂದ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಇದೇ ಸುಣ್ಣದ ಪಾಠ ಇರಲಿ. ನಿಮ್ಮದು ಇತಿಹಾಸವಾಗಲಿ, ಕನ್ನಡವಾಗಲಿ, ದಾರಿ ಹೆಚ್ಚು ಬದಲಾಗುವುದಿಲ್ಲ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ನೋಟ್‌ಬುಕ್ಕಿನ ಒಂದು ಹಾಳೆ ತೆಗೆದುಕೊಳ್ಳಿ. ಪೀರಿಯಡ್ ಮುಗಿದಾಗ ಮಗು ಯಾವ ಪ್ರಶ್ನೆಗೆ ತನ್ನ ಮಾತಿನಲ್ಲೇ ಉತ್ತರ ಹೇಳಬೇಕು ಎಂಬುದನ್ನು ಮೇಲೆ ಬರೆಯಿರಿ. ನನ್ನ ಪ್ರಶ್ನೆ ಇದು: 'ಸುಣ್ಣ ಬಳಿದ ಗೋಡೆ ಎರಡು ದಿನ ಆದಮೇಲೆ ಯಾಕೆ ಹೊಳೆಯುತ್ತದೆ?' ಅದರ ಕೆಳಗೆ ಎಂಟು ಚೌಕ ಹಾಕಿ. 40 ನಿಮಿಷದ ಪೀರಿಯಡ್ಡಿಗೆ ಎಂಟರಿಂದ ಹತ್ತು ಸ್ಲೈಡ್ ಸಾಕು. ಜಾಸ್ತಿ ಆದರೆ ಮಕ್ಕಳ ಜೊತೆ ಮಾತಾಡಲು ಸಮಯವೇ ಉಳಿಯುವುದಿಲ್ಲ.

ಪ್ರತಿ ಚೌಕ ತುಂಬುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: ಇದನ್ನು ತರಗತಿಯಲ್ಲಿ ಕೈಯಲ್ಲೇ ಹಿಡಿದು ತೋರಿಸಬಹುದಾ? ತೋರಿಸಬಹುದು ಅಂದರೆ ಅದಕ್ಕೆ ಸ್ಲೈಡ್ ಬೇಡ. ಪರಸಿಯ ಚೂರನ್ನು ಪುಡಿ ಮಾಡಿ, ಲ್ಯಾಬಿನ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ನಾಲ್ಕು ಹನಿ ಹಾಕಿದರೆ ಬುಸ್ ಎಂದು ಗುಳ್ಳೆ ಏಳುತ್ತದೆ. ಎದುರಿಗೇ ನಡೆಯುವುದನ್ನು ವಿಡಿಯೋದಲ್ಲಿ ಯಾಕೆ ತೋರಿಸಬೇಕು? ಸ್ಲೈಡ್ ಬೇಕಾಗುವುದು ದೂರದ್ದಕ್ಕೆ, ಅಪಾಯದ್ದಕ್ಕೆ, ತುಂಬಾ ನಿಧಾನ ನಡೆಯುವುದಕ್ಕೆ, ಕಣ್ಣಿಗೆ ಕಾಣದಷ್ಟು ಸಣ್ಣದಕ್ಕೆ. ಕಲ್ಲಿನ ಗಣಿ ಮತ್ತು ಭಟ್ಟಿ ದೂರ ಇವೆ. ಸುಟ್ಟ ಸುಣ್ಣಕ್ಕೆ ನೀರು ಹಾಕುವುದು ಅಪಾಯ, ಸಿಡಿದು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಗೋಡೆ ಹೊಳಪು ಪಡೆಯುವುದು ನಿಧಾನ. ಗಾಳಿಯ ಇಂಗಾಲದ ಡೈಆಕ್ಸೈಡ್ ಸುಣ್ಣವನ್ನು ಸೇರುವುದು ಕಾಣುವುದೇ ಇಲ್ಲ. ನೋಡಿ, ಅರ್ಧ ಪಾಠ ಇಲ್ಲೇ ರೆಡಿಯಾಯಿತು.

ಫೋಟೋ, ವಿಡಿಯೋ ನಿಮ್ಮ ಊರಿನದೇ ಇರಲಿ

ನನ್ನ ಮೊದಲ ಸ್ಲೈಡಿನಲ್ಲಿ ಈಗ ಹೆಸರಿಲ್ಲ, ಶೀರ್ಷಿಕೆ ಇಲ್ಲ. ನಮ್ಮ ತರಗತಿಯ ನೆಲದ ಫೋಟೋ ಮಾತ್ರ ಇದೆ. ಅದನ್ನು ನೋಡಿದ ಕೂಡಲೇ ಮಕ್ಕಳು ಕೆಳಗೆ ಬಗ್ಗಿ ನೋಡುತ್ತಾರೆ. ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಫೋಟೋ ತೆಗೆಯುವಾಗ ಫೋನ್ ಅಡ್ಡ ಹಿಡಿಯಿರಿ. ಉದ್ದ ಹಿಡಿದು ತೆಗೆದರೆ ಪರದೆಯ ಎರಡೂ ಬದಿ ಖಾಲಿ ಉಳಿಯುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದರೆ ಕಲ್ಲಿನ ಪದರಗಳು ಸ್ಪಷ್ಟವಾಗಿ ಕಾಣುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲ ಬಿಳಿ ಬಿಳಿ. ಗಣಿಗೆ ಹೋಗುವುದಾದರೆ ಅಲ್ಲಿಯವರ ಒಪ್ಪಿಗೆ ಕೇಳಿ, ಅಂಚಿಗೆ ಹೋಗಬೇಡಿ, ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ. ಕೆಲಸ ಮಾಡುವವರ ಮುಖ ಬರುವಂತಿದ್ದರೆ ಅವರನ್ನೂ ಕೇಳಿ.

ನಿಧಾನದ ಕೆಲಸ ತೋರಿಸಲು ಸುಲಭ ಉಪಾಯವಿದೆ. ಹೊಸದಾಗಿ ಸುಣ್ಣ ಬಳಿದ ಗೋಡೆಯ ಒಂದೇ ಜಾಗವನ್ನು, ಒಂದೇ ಕಡೆ ನಿಂತು, ಮೂರು ದಿನ ಬೆಳಿಗ್ಗೆ ಸಂಜೆ ಫೋಟೋ ತೆಗೆಯಿರಿ. ಆರು ಫೋಟೋ ಆಗುತ್ತವೆ. ಅವನ್ನು ಆರು ಸ್ಲೈಡಿನಲ್ಲಿ ಒಂದೇ ಅಳತೆಗೆ ಕೂರಿಸಿ ಬೇಗ ಬೇಗ ಒತ್ತುತ್ತಾ ಹೋದರೆ ಗೋಡೆ ಬದಲಾಗುವುದು ಕಣ್ಣೆದುರಿಗೇ ಕಾಣುತ್ತದೆ. ಈ ಆರೂ ಸೇರಿ ಒಂದೇ ಚೌಕದ ಲೆಕ್ಕ.

ನಮ್ಮಲ್ಲಿ ಸಿಗದ ಚಿತ್ರಗಳಿಗೆ ವಿಕಿಮೀಡಿಯ ಕಾಮನ್ಸ್ ನೋಡಿ. ಅಲ್ಲಿನ ಚಿತ್ರಗಳನ್ನು ಬಳಸಲು ಅನುಮತಿ ಇರುತ್ತದೆ, ಯಾವ ಷರತ್ತು ಎಂಬುದೂ ಪಕ್ಕದಲ್ಲೇ ಬರೆದಿರುತ್ತದೆ. ತೆಗೆದವರ ಹೆಸರನ್ನು ಸ್ಲೈಡಿನ ಮೂಲೆಯಲ್ಲಿ ಸಣ್ಣದಾಗಿ ಹಾಕಿ. ಮಕ್ಕಳೂ ಅದನ್ನು ನೋಡಿ ಕಲಿಯುತ್ತಾರೆ.

ಕನ್ನಡ ಅಕ್ಷರಕ್ಕೆ ಬೇರೆಯದೇ ಕಾಳಜಿ ಬೇಕು

ಒಮ್ಮೆ ಒಂದು ತರಬೇತಿಯಲ್ಲಿ ನನ್ನ ಪಾಠ ತೋರಿಸಬೇಕಿತ್ತು. ಪೆನ್‌ಡ್ರೈವ್ ಹಾಕಿ ತೆರೆದರೆ ಪರದೆಯ ತುಂಬಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದೆ, ಆ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಒಂದು ವಾರದ ಕೆಲಸ ಆ ದಿನ ಯಾರಿಗೂ ಉಪಯೋಗವಾಗಲಿಲ್ಲ. ಇದು ಇಂದಿಗೂ ಎಷ್ಟೋ ಶಿಕ್ಷಕರಿಗೆ ಆಗುತ್ತಿದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಯಾವ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವಂತೆ ಮಾಡುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ.

ಕನ್ನಡ ಟೈಪಿಂಗ್ ತಂತ್ರಾಂಶಗಳಾದ ನುಡಿ, ಬರಹ ಎರಡರಲ್ಲೂ ಯೂನಿಕೋಡ್ ಆಯ್ಕೆ ಇದೆ. ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಸೇರಿಸಿಕೊಳ್ಳಬಹುದು. ಟೈಪಿಂಗ್ ಕಷ್ಟವಾದರೆ ಫೋನಿನ ಜಿಬೋರ್ಡ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿ, ಅದು ಬರೆದುಕೊಳ್ಳುತ್ತದೆ. ತಪ್ಪು ತಿದ್ದಿ ಸ್ಲೈಡಿಗೆ ಹಾಕಿಕೊಳ್ಳಿ. ಫಾಂಟ್ ಆರಿಸುವಾಗ ತುಂಗಾ, ನಿರ್ಮಲಾ ಯುಐ, ನೋಟೋ ಸ್ಯಾನ್ಸ್ ಕನ್ನಡ ಇವುಗಳಲ್ಲಿ ಒಂದನ್ನು ಹಿಡಿಯಿರಿ. ಪವರ್‌ಪಾಯಿಂಟ್‌ನ ಫೈಲ್, ಆಪ್ಷನ್ಸ್, ಸೇವ್‌ಗೆ ಹೋಗಿ 'ಎಂಬೆಡ್ ಫಾಂಟ್ಸ್' ಎಂಬುದಕ್ಕೆ ಟಿಕ್ ಹಾಕಿದರೆ ಫಾಂಟ್ ಕಡತದ ಜೊತೆಗೇ ಹೋಗುತ್ತದೆ.

ಇನ್ನು ಅಳತೆ. ಇಂಗ್ಲಿಷ್‌ಗೆ 24 ಸಾಕಾಗಬಹುದು, ಕನ್ನಡಕ್ಕೆ ಸಾಲದು. ನಮ್ಮ ಒತ್ತಕ್ಷರಗಳು ಸಣ್ಣವು. 'ಡೈಆಕ್ಸೈಡ್' ಪದದ ಸ ಒತ್ತು ಹಿಂದಿನ ಬೆಂಚಿಗೆ ಕಾಣಬೇಕಲ್ವಾ? 32ಕ್ಕಿಂತ ಕಡಿಮೆ ಇಡಬೇಡಿ. ಸಾಲುಗಳ ನಡುವೆ ಅಂತರ ಹೆಚ್ಚಿಸಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನೆರಳು ಬಿದ್ದ ಅಕ್ಷರ, ಬಳುಕುವ ಅಕ್ಷರ ಕನ್ನಡಕ್ಕೆ ಒಗ್ಗುವುದಿಲ್ಲ. ಒಂದು ಸ್ಲೈಡ್ ಹಾಕಿ ನೀವೇ ಕೊನೆಯ ಬೆಂಚಿನಲ್ಲಿ ಕೂತು ಓದಿ ನೋಡಿ.

ಸ್ಲೈಡ್ ಕಟ್ಟುವುದು

ಪವರ್‌ಪಾಯಿಂಟ್ ಇಲ್ಲದಿದ್ದರೆ ಲಿಬ್ರೆಆಫೀಸ್ ಇಂಪ್ರೆಸ್ ಇದೆ, ಪೂರ್ತಿ ಉಚಿತ. ಉಬುಂಟು ಹಾಕಿದ ಲ್ಯಾಬ್ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ. ಇಂಟರ್‌ನೆಟ್ ಚೆನ್ನಾಗಿದ್ದರೆ ಗೂಗಲ್ ಸ್ಲೈಡ್ಸ್ ಕೂಡ ಆಗುತ್ತದೆ. ಮೂರರಲ್ಲೂ ಕೆಲಸ ಒಂದೇ ಥರ.

ಹೊಸ ಸ್ಲೈಡ್ ತೆರೆದ ಕೂಡಲೇ ಮೇಲೆ ಶೀರ್ಷಿಕೆ, ಕೆಳಗೆ ಚುಕ್ಕಿ ಸಾಲುಗಳು ಕಾಣುತ್ತವೆ. 1987ರಲ್ಲಿ ಪವರ್‌ಪಾಯಿಂಟ್ ಬಂದಾಗ ಅದನ್ನು ಮಾಡಿದ್ದು ಕಂಪನಿಗಳ ಮೀಟಿಂಗಿಗೆ, ತರಗತಿಗಲ್ಲ. ಆ ಚುಕ್ಕಿಗಳನ್ನು ತುಂಬಲೇಬೇಕು ಎಂದೇನಿಲ್ಲ. ಲೇಔಟ್‌ನಲ್ಲಿ 'ಬ್ಲ್ಯಾಂಕ್' ಆರಿಸಿ ಖಾಲಿ ಹಾಳೆಯಿಂದ ಶುರು ಮಾಡಿ. ಒಂದು ಸ್ಲೈಡಿಗೆ ಒಂದು ಚಿತ್ರ, ಅದರ ಪಕ್ಕದಲ್ಲಿ ಎರಡು ಮೂರು ಪದ. ಪದಗಳು ಚಿತ್ರದ ಯಾವ ಭಾಗಕ್ಕೆ ಸೇರಿವೆಯೋ ಅಲ್ಲೇ ಇರಲಿ, ದೂರದ ಮೂಲೆಯಲ್ಲಿ ಬೇಡ.

ಯಾಕೆ ಇಷ್ಟು ಕಡಿಮೆ ಪದ? ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಇದನ್ನೇ ವರ್ಷಗಟ್ಟಲೆ ಪರೀಕ್ಷಿಸಿ ನೋಡಿದವರು. ಚಿತ್ರ ತೋರಿಸುತ್ತಾ ಬಾಯಿಂದ ವಿವರಿಸಿದರೆ ಕಲಿಕೆ ಚೆನ್ನಾಗಿ ಆಗುತ್ತದೆ. ಹೇಳುವ ಮಾತನ್ನೇ ಪರದೆಯ ಮೇಲೂ ಸಾಲು ಸಾಲಾಗಿ ಬರೆದರೆ ಕಲಿಕೆ ಕಡಿಮೆಯಾಗುತ್ತದೆ. ಕಣ್ಣು ಒಂದೇ ಹೊತ್ತಿಗೆ ಚಿತ್ರವನ್ನೂ ನೋಡಬೇಕು, ಸಾಲನ್ನೂ ಓದಬೇಕು, ಎರಡೂ ಅರ್ಧರ್ಧ ಆಗುತ್ತದೆ. ನನ್ನ 42 ಸ್ಲೈಡಿನ ಪಾಠದಲ್ಲಿ ಆದದ್ದು ಇದೇ.

ಇದಕ್ಕೆ ಒಂದು ವಿನಾಯಿತಿ ಇದೆ, ಅದು ನಮ್ಮ ಭಾಗಕ್ಕೆ ತುಂಬಾ ಮುಖ್ಯ. ಪಾಠದ ಭಾಷೆ ಮಗುವಿನ ಮನೆಮಾತಲ್ಲದಿದ್ದರೆ, ಅಥವಾ ಪದವೇ ಹೊಸದಾಗಿದ್ದರೆ, ಅದು ಬರಹದಲ್ಲಿ ಕಾಣಬೇಕು. ನಮ್ಮ ತರಗತಿಗಳಲ್ಲಿ ಉರ್ದು, ತೆಲುಗು, ಮರಾಠಿ, ಲಂಬಾಣಿ ಮಾತಾಡುವ ಮಕ್ಕಳು ಪಕ್ಕಪಕ್ಕ ಕೂತಿರುತ್ತಾರೆ. ಅದಕ್ಕೆ 'ಸುಣ್ಣ' ಎಂದು ದೊಡ್ಡದಾಗಿ ಬರೆದು ಕೆಳಗೆ ಚೂನಾ, ಸುನ್ನಂ ಎಂದೂ ಬರೆಯುತ್ತೇನೆ. ಎರಡೇ ಪದ. ಆದರೆ ಆ ಮಕ್ಕಳು ತಲೆ ಎತ್ತಿ ನೋಡುವುದು ಆಗಲೇ.

ಬಣ್ಣದ ವಿಷಯ. ನಮ್ಮ ಕಡೆ ಬಿಸಿಲು ಜಾಸ್ತಿ, ತರಗತಿ ಪೂರ್ತಿ ಕತ್ತಲಾಗುವುದಿಲ್ಲ. ಮಾರ್ಚ್ ತಿಂಗಳಲ್ಲಿ ಕಿಟಕಿ ಮುಚ್ಚಿ ಮಕ್ಕಳನ್ನು ಕೂರಿಸುವುದೂ ಸರಿಯಲ್ಲ. ಬೆಳಕಿರುವ ಕೋಣೆಯಲ್ಲಿ ಬಿಳಿ ಹಿನ್ನೆಲೆ, ಕಪ್ಪು ಅಥವಾ ಕಡು ನೀಲಿ ಅಕ್ಷರವೇ ಚೆನ್ನಾಗಿ ಕಾಣುತ್ತದೆ. ಕಡು ಹಿನ್ನೆಲೆ ಮಂಕಾಗಿಬಿಡುತ್ತದೆ. ಹಸಿರಿನ ಮೇಲೆ ಕೆಂಪು ಬೇಡ, ಕೆಲವು ಮಕ್ಕಳಿಗೆ, ಅದರಲ್ಲೂ ಹುಡುಗರಿಗೆ, ಈ ಎರಡು ಬಣ್ಣ ಬೇರೆ ಬೇರೆಯಾಗಿ ಕಾಣುವುದಿಲ್ಲ. ಪರದೆ ಇಲ್ಲದಿದ್ದರೆ ಬಿಸಿಲು ನೇರ ಬೀಳದ ಬಿಳಿ ಗೋಡೆ ಸಾಕು. ನಾನು ಸುಣ್ಣದ ಪಾಠವನ್ನು ತೋರಿಸುವುದು ಸುಣ್ಣ ಬಳಿದ ಗೋಡೆಯ ಮೇಲೆಯೇ.

ಅನಿಮೇಷನ್‌ನಲ್ಲಿ 'ಅಪಿಯರ್' ಒಂದೇ ಬಳಸುತ್ತೇನೆ. ಗೋಡೆಯ ಚಿತ್ರ ಮೊದಲು ಬರುತ್ತದೆ. ಒತ್ತಿದರೆ ಅದರ ಮೇಲೆ ಅರಳಿದ ಸುಣ್ಣದ ಪದರ. ಮತ್ತೆ ಒತ್ತಿದರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಬಾಣ. ಇಲ್ಲಿ ನಿಲ್ಲಿಸಿ, ಮುಂದೇನಾಗಬಹುದು ಎಂದು ಕೇಳುತ್ತೇನೆ. ಉತ್ತರಗಳು ಬಂದಮೇಲೆ ಕೊನೆಯ ಸಲ ಒತ್ತಿದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ತೆಳು ಪದರ. ಅಂದರೆ ಸುಣ್ಣದ ಕಲ್ಲಿನಲ್ಲಿ ಇದ್ದದ್ದೇ ಗೋಡೆಗೆ ಮರಳಿ ಬಂತು! ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಶಾಖಕ್ಕೆ ಕಲ್ಲಿನಿಂದ ಹೊರಗೆ ಹೋದ ಅನಿಲ, ಗೋಡೆಯ ಮೇಲೆ ಸದ್ದಿಲ್ಲದೆ ಮತ್ತೆ ಒಳಗೆ ಸೇರುತ್ತದೆ. ಈ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು.

ವಿಡಿಯೋ, ಧ್ವನಿ

ವಿಡಿಯೋವನ್ನು ಕಡತದೊಳಗೇ ಸೇರಿಸಿ. ಇನ್ಸರ್ಟ್ ಒತ್ತುವಾಗ 'ಲಿಂಕ್ ಟು ಫೈಲ್' ಆರಿಸಿದರೆ ವಿಡಿಯೋ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಶಾಲೆಯ ಕಂಪ್ಯೂಟರಿನಲ್ಲಿ ಕಪ್ಪು ಚೌಕ ಮಾತ್ರ ಕಾಣುತ್ತದೆ. ಯೂಟ್ಯೂಬ್ ಲಿಂಕ್ ನೆಚ್ಚಿಕೊಂಡರೆ ನೆಟ್‌ವರ್ಕ್ ಇಲ್ಲದ ದಿನ ಕೈಕೊಡುತ್ತದೆ. ಎಂಪಿ4 ಬಗೆಯ ಕಡತ ಹೆಚ್ಚಿನ ಕಡೆ ನಡೆಯುತ್ತದೆ. 'ಪ್ಲೇಬ್ಯಾಕ್' ಅಡಿಯಲ್ಲಿ 'ಟ್ರಿಮ್ ವಿಡಿಯೋ' ಇದೆ, ಬೇಡದ ಹಿಂದು ಮುಂದು ಕತ್ತರಿಸಿ. 40 ಸೆಕೆಂಡ್ ಸಾಕು.

ಸುಟ್ಟ ಸುಣ್ಣ ನೀರಿನಲ್ಲಿ ಕೊತಕೊತ ಎನ್ನುವ ವಿಡಿಯೋದಲ್ಲಿ ಆ ಸದ್ದೇ ಪಾಠ. ಅಲ್ಲಿ ನಾನು ಮಾತಾಡುವುದಿಲ್ಲ. ಹಿನ್ನೆಲೆ ಸಂಗೀತ ಹಾಕಲೇಬೇಡಿ. ಲ್ಯಾಪ್‌ಟಾಪಿನ ಸದ್ದು ಐವತ್ತು ಮಕ್ಕಳಿಗೆ ಕೇಳುವುದಿಲ್ಲ, ಸಣ್ಣ ಸ್ಪೀಕರ್ ಒಂದು ಇಟ್ಟುಕೊಳ್ಳಿ.

ಹಿಂದಿನ ದಿನ ಮತ್ತು ಆ ದಿನ

ಪ್ರೊಜೆಕ್ಟರಿಗೆ ಎಚ್‌ಡಿಎಂಐ ಕೇಬಲ್ಲೋ ವಿಜಿಎ ಕೇಬಲ್ಲೋ ನೋಡಿಕೊಳ್ಳಿ. ಹಳೆಯ ಪ್ರೊಜೆಕ್ಟರ್ ಆದರೆ 'ಸ್ಲೈಡ್ ಸೈಜ್'ನಲ್ಲಿ 4:3 ಇಡಿ. ಪರದೆಗೆ ಚಿತ್ರ ಬರದಿದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ 'ಡೂಪ್ಲಿಕೇಟ್' ಆರಿಸಿ. ಫೋಟೋಗಳಿಂದ ಕಡತ ಭಾರವಾಗಿದ್ದರೆ 'ಕಂಪ್ರೆಸ್ ಪಿಕ್ಚರ್ಸ್' ಬಳಸಿ. ಪೆನ್‌ಡ್ರೈವ್‌ನಲ್ಲಿ ಅದರ ಪಿಡಿಎಫ್ ಪ್ರತಿ, ವಿಡಿಯೋಗಳ ಬೇರೆ ಪ್ರತಿ ಇರಲಿ, ಫೋನಿನಲ್ಲೂ ಒಂದು ಇರಲಿ.

ಕರೆಂಟ್ ಹೋದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಪ್ರೊಜೆಕ್ಟರ್ ಆರುತ್ತದೆ. ಅದಕ್ಕೇ ಗೋಡೆಯ ಚಿತ್ರವನ್ನು ಬೋರ್ಡ್ ಮೇಲೆ ಬಿಡಿಸುವುದನ್ನು ಮೊದಲೇ ಒಂದು ಸಲ ರೂಢಿ ಮಾಡಿಕೊಂಡಿರುತ್ತೇನೆ. ಗಣಿ ಮತ್ತು ಭಟ್ಟಿಯ ಫೋಟೋಗಳನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದೇನೆ, ಬೆಂಚಿನಿಂದ ಬೆಂಚಿಗೆ ದಾಟಿಸಬಹುದು.

ಪಾಠ ಶುರು ಮಾಡಲು ಎಫ್5. ಮಕ್ಕಳು ನಿಮ್ಮನ್ನೇ ನೋಡಬೇಕು ಎನಿಸಿದಾಗ ಬಿ ಒತ್ತಿ, ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಆಮ್ಲದ ಹನಿ ಹಾಕುವಾಗ ನಾನು ಹೀಗೇ ಮಾಡುತ್ತೇನೆ. ಹಿಂದಿನ ಸ್ಲೈಡಿಗೆ ಹೋಗಬೇಕಾದರೆ ಅದರ ಸಂಖ್ಯೆ ಒತ್ತಿ ಎಂಟರ್ ಹೊಡೆಯಿರಿ.

ಪೀರಿಯಡ್ ಮುಗಿದಮೇಲೆ ಐದು ನಿಮಿಷ ಕೂತು, ಮಕ್ಕಳು ಕೇಳಿದ ಪ್ರಶ್ನೆಗಳನ್ನು ಸ್ಲೈಡಿನ ಕೆಳಗಿನ 'ನೋಟ್ಸ್' ಜಾಗದಲ್ಲಿ ಬರೆದಿಡಿ. ಹೋದ ವರ್ಷ ಒಬ್ಬ ಹುಡುಗಿ ಎದ್ದು, "ಸರ್, ನಮ್ಮ ಆಯಿ ಎಲಿಗಿ ಹಚ್ಚತಾಳಲ್ರಿ, ಆ ಸುಣ್ಣನೂ ಇದೇ ಏನ್ರಿ?" ಎಂದಳು. ಹೌದು, ಅದೂ ಅರಳಿದ ಸುಣ್ಣವೇ. ಈ ವರ್ಷ ನನ್ನ ಮೂರನೇ ಸ್ಲೈಡಿನಲ್ಲಿ ಅವಳ ಆಯಿಯ ಸುಣ್ಣದ ಡಬ್ಬಿ ಇದೆ.