ನವೋದಯ ಪರೀಕ್ಷೆಗೆ ಐದನೇ ಕ್ಲಾಸಿನ ಗಣಿತ ರಿವಿಜನ್ ಹೆಂಗ ಮಾಡಸ್ಬೇಕು

ಆರನೇ ಕ್ಲಾಸಿಗೆ ನವೋದಯ ವಸತಿ ಶಾಲಿ ಸೇರಾಕ ಬರಿಯೋ ನವೋದಯ ಪರೀಕ್ಷೆ ಹತ್ರ ಬಂತು ಅಂದ್ರ ನಮ್ಮ ಕಡೆ ಭಾಳ ಮನ್ಯಾಗ ಒಂದ ನಮೂನಿ ನಡೀತೈತಿ, ದಪ್ಪನ್ನ ಗೈಡ್ ಒಂದು ತರ್ತಾರ, ಮೊದಲ್ನೇ ಪಾಠದಿಂದ ಹಿಡದು ಹುಡುಗನ್ನ ಕೂಡಸ್ತಾರ, ಸಂಖ್ಯಾ ಪದ್ಧತಿ ಮುಗ್ಯೋದ್ರಾಗ ಎರಡು ವಾರ ಹೋಗಿರ್ತಾವ, ಭಿನ್ನರಾಶಿ ಬರೋ ಹೊತ್ತಿಗೆ ಪರೀಕ್ಷೆನ ಬಂದು ನಿಂತಿರ್ತೈತಿ. ಕಡೀ ಐದಾರು ವಾರ ಇದ್ದಾಗ ಹಂಗ ಮಾಡಬ್ಯಾಡ್ರಿ. ಹುಡುಗ ಎಲ್ಲೆಲ್ಲಿ ಎಡವತಾನ ಅದನ್ನ ಮೊದಲ ಹುಡಕ್ರಿ, ಅಷ್ಟ ತಿದ್ರಿ, ಬಂದಿದ್ದನ್ನ ಮತ್ತ ಮತ್ತ ಮಾಡಿಸಿ ಹೊತ್ತು ಕಳೀಬ್ಯಾಡ್ರಿ.

ಪೇಪರ್ ಹೆಂಗಿರ್ತೈತಿ ಅಂತ ಗೊತ್ತಿರಲಾರದವ್ರಿಗೆ ಹೇಳಿಬಿಡ್ತೀನಿ. ಒಟ್ಟು 80 ಪ್ರಶ್ನೆ, 100 ಅಂಕ, ಎರಡು ತಾಸು. ಅದ್ರಾಗ 40 ಪ್ರಶ್ನೆ ಚಿತ್ರದ್ದು, ಮಾನಸಿಕ ಸಾಮರ್ಥ್ಯ ಅಂತಾರಲ್ಲ ಅದು, 20 ಗಣಿತ, 20 ಭಾಷೆ. ಒಂದೊಂದಕ್ಕ 1.25 ಅಂಕ, ಗಣಿತಕ್ಕ 25 ಅಂಕ, ಅದಕ್ಕ ಲೆಕ್ಕಾ ಹಾಕಿರೋ ಟೈಮು 30 ನಿಮಿಷ, ಅಂದ್ರ ಒಂದು ಲೆಕ್ಕಕ್ಕ ಒಂದೂವರಿ ನಿಮಿಷ. ತಪ್ಪು ಉತ್ತರಕ್ಕ ಅಂಕ ಕಡಿಯೋದಿಲ್ಲ. ಧಾರವಾಡ, ಗದಗ, ಹಾವೇರಿ, ಜಿಲ್ಲಾಕ್ಕ ಒಂದೊಂದು ನವೋದಯ, ಒಂದೊಂದ್ರಾಗ ಭಾಳಂದ್ರ 80 ಸೀಟು, ಮ್ಯಾಲೆ ಈ ಪರೀಕ್ಷೆ ಬರ್ಯಾಕ ಒಂದ ಸಲ ಅಷ್ಟ ಅವಕಾಶ. ಹಿಂಗಾಗಿ ಎರಡು ಲೆಕ್ಕ ಗಡಿಬಿಡ್ಯಾಗ ತಪ್ಪಿದ್ರೂ ಹೊಡ್ತ ಬೀಳ್ತೈತಿ.

ಮೊದಲ್ನೇ ದಿನ ಏನೂ ಕಲಸಬ್ಯಾಡ್ರಿ. ಹಳೇ ಪೇಪರ್ ಒಂದು ಕೊಟ್ಟು, ಗಣಿತದ 20 ಪ್ರಶ್ನೆ ಅಷ್ಟ, ಗಡಿಯಾರ ಮುಂದಿಟ್ಟು ಬಿಡ್ರಿ, ಬಾಜೂಕ ಕುಂತು ಹ್ಞೂಂ ಹ್ಞೂಂ ಅನಬ್ಯಾಡ್ರಿ. ಮುಗದ ಮ್ಯಾಲೆ ಎಷ್ಟು ಬಂತು ಅಂತ ಎಣಿಸೋಕಿಂತ ಮೊದಲ, ತಪ್ಪಾದ ಒಂದೊಂದು ಲೆಕ್ಕ ತಗದು "ಇದನ್ನ ಹೆಂಗ ಮಾಡಿದಿ, ಬಾಯಿಲೆ ಹೇಳು ನೋಡೂಣು" ಅಂತ ಕೇಳ್ರಿ, ಬೈಯಬ್ಯಾಡ್ರಿ, ಬೈದ್ರ ಮುಂದ ಬಾಯಿನ ಬಿಡೂದಿಲ್ಲ. ಅವ ಹೇಳೂದ್ರಾಗ ಗೊತ್ತಾಗ್ತೈತಿ, ರೀತಿನ ಗೊತ್ತಿಲ್ಲೋ, ಗೊತ್ತಿದ್ದೂ ಮಗ್ಗಿ ತಪ್ಪ್ಯಾನೋ, ಇಲ್ಲಾ ಪ್ರಶ್ನೆನ ಪೂರಾ ಓದಿಲ್ಲೋ ಅಂತ. ಮಗ್ಗಿ ತಪ್ಪಿದ್ರ ಮಗ್ಗಿ ಕಲಸ್ರಿ, 20ರ ತನಕ ಬಾಯಿಪಾಠ ಇರ್ಲಿ, ಅದ್ರಾಗೂ 13, 17, 19 ಜಾಸ್ತಿ ಕೈ ಕೊಡ್ತಾವ. ಓದಲಾರದ ತಪ್ಪಿದ್ರ ಅದಕ್ಕ ಇನ್ನೂ ನೂರು ಲೆಕ್ಕ ಮಾಡಿಸಿದ್ರೂ ಉಪಯೋಗ ಇಲ್ಲ, ಏನು ಕೇಳ್ಯಾರ ಅನ್ನೋ ಶಬ್ದದ ಕೆಳಗ ಗೆರಿ ಹೊಡಿಯೋ ರೂಢಿ ಹಚ್ಚಸ್ರಿ.

ಭಾಗಾಕಾರ ನೋಡ್ರಿ, ದೊಡ್ಡ ಕುಳಿ ಇಲ್ಲೆ ಐತಿ. 2436 ÷ 12 ಕೊಡ್ರಿ. 24ರಾಗ 12 ಎರಡು ಸಲ ಹೋತು, 3 ಇಳಿಸಿದ್ವಿ, 3ರಾಗ 12 ಹೋಗೂದಿಲ್ಲ, ಹುಡುಗ ಸುಮ್ನ 6ನೂ ಇಳಿಸಿಬಿಡ್ತಾನ, 36ರಾಗ ಮೂರು ಸಲ, ಉತ್ತರ 23 ಅಂತಾನ. ಖರೇ ಉತ್ತರ 203. ಒಂದೊಂದು ಅಂಕಿ ಇಳಿಸಿದಾಗೂ ಮ್ಯಾಲೆ ಒಂದು ಅಂಕಿ ಬರೀಲೇಬೇಕು, ಹೋಗಲಿಲ್ಲ ಅಂದ್ರ ಸೊನ್ನಿ ಬರೀಬೇಕು, ಇಷ್ಟ ಸೂತ್ರ. ಆದ್ರ ಅದಕ್ಕಿಂತ ಗಟ್ಟಿ ಅಂದ್ರ ಮೊದಲ ಅಂದಾಜು ಮಾಡೂದು, 2400ರಾಗ 12 ಇನ್ನೂರು ಸಲ ಹೋಗ್ತೈತಿ, ಹಂಗಂದ ಮ್ಯಾಲೆ 23 ಹೆಂಗ ಬರ್ತೈತಿ? ನಾಕು ಆಯ್ಕೆಯೊಳಗ 23 ಇರ್ತೈತಿ ಅಂತ ತಿಳ್ಕೊಳ್ರಿ, ಪೇಪರ್ ತಗ್ಯೋರಿಗೆ ಹುಡುಗ್ರು ಎಲ್ಲಿ ತಪ್ಪತಾವ ಅನ್ನೋದು ನಮಗಿಂತ ಚಂದ ಗೊತ್ತಿರ್ತೈತಿ. ಗುಣಾಕಾರಕ್ಕೂ ಹಂಗ, 398 × 52 ಅಂದ್ರ 400 × 50, ಹತ್ತಿರಾ ಹತ್ತಿರಾ 20,000, ಬಿಡಿಸ್ಥಾನದಾಗ 8 × 2 = 16, ಅಂದ್ರ ಕಡೀ ಅಂಕಿ 6. ಎಷ್ಟೋ ಸಲ ಇಷ್ಟ್ರಾಗ ಉತ್ತರ ಸಿಕ್ಕಿರ್ತೈತಿ, ಇಲ್ಲಿ 20,696.

ಭಿನ್ನರಾಶಿಗೆ ಮಾತ್ರ ಒಂದು ವಾರ ಪೂರಾ ಕೊಡ್ರಿ ಅಂತೀನಿ ನಾನು. 1/2 + 1/3 ಎಷ್ಟಪಾ ಅಂದ್ರ 2/5 ಅಂತಾವ, ಅಂಶಕ್ಕ ಅಂಶ, ಛೇದಕ್ಕ ಛೇದ ಕೂಡಿಸಿ. ಸಮಛೇದ ಮಾಡೋ ರೀತಿ ಮತ್ತ ಹೇಳೂಕಿಂತ ಮೊದಲ ಒಂದು ಕೇಳ್ರಿ, 2/5 ಅರ್ಧಕ್ಕಿಂತ ದೊಡ್ಡದೋ ಸಣ್ಣದೋ? ಸಣ್ಣದು. ಅರ್ಧಕ್ಕ ಇನ್ನೊಂದಿಷ್ಟು ಕೂಡಿಸಿದ್ರ ಅರ್ಧಕ್ಕಿಂತ ಕಡಿಮಿ ಹೆಂಗ ಆಗ್ತೈತಿ ಅಂದ ಕೂಡ್ಲೆ ಹುಡುಗ ತಾನ ನಗತಾನ, ಆಮ್ಯಾಲ 3/6 + 2/6 = 5/6 ಅನ್ನೋದು ತಲ್ಯಾಗ ಕುಂದರ್ತೈತಿ. ಭಾಗಾಕಾರನೂ ಹಿಂಗ, ಮೂರು ಕಿಲೋ ಪೇಡೆ ಐತಿ, ಪಾವ್ ಕಿಲೋದ ಬಾಕ್ಸ್ ಎಷ್ಟು ಆಗ್ತಾವ ಅಂತ ಕೇಳಿದ್ರ ಧಾರವಾಡದ ಹುಡುಗ ಹನ್ನೆರಡು ಅಂತ ಕಣ್ಣು ಮುಚ್ಚಿ ಹೇಳ್ತಾನ, ಅದ ಹುಡುಗಗ ಹಾಳಿ ಮ್ಯಾಲೆ 3 ÷ 1/4 ಬರದು ಕೊಟ್ರ 3/4 ಅಂತ ಬರೀತಾನ. ಹಾಳಿ ಮ್ಯಾಲಿನ ಲೆಕ್ಕ, ಅಂಗಡ್ಯಾನ ಲೆಕ್ಕ ಎರಡೂ ಒಂದ ಅಂತ ಅವಗ ಯಾರೂ ತೋರಿಸಿರೂದಿಲ್ಲ, ತೋರಸ್ರಿ.

ದಶಮಾಂಶಕ್ಕೂ ತಕ್ಕಡಿನ ಸಾಕು. 0.5, 0.35, 0.125 ಇದ್ರಾಗ ದೊಡ್ಡದು ಯಾವ್ದು ಅಂದ್ರ ಭಾಳ ಹುಡುಗ್ರು 0.125 ಅಂತಾವ, ಅಂಕಿ ಜಾಸ್ತಿ ಅದಾವಲ್ಲ ಅಂತ. ಕಿಲೋ ಅಂತ ಓದಸ್ರಿ, 500 ಗ್ರಾಂ, 350 ಗ್ರಾಂ, 125 ಗ್ರಾಂ, ಮುಗೀತು. ಕೂಡಿಸೋದು ಕಳಿಯೋದು ಮಾಡೋವಾಗ ಬಿಂದು ಕೆಳಗ ಬಿಂದು ಬರಬೇಕು, 2.5 + 0.75 ಅಂದ್ರ 2.50 ಅಂತ ಸೊನ್ನಿ ಹಚ್ಚಿ ಬರ್ಕೊಂಡ್ರ 3.25 ಸಲೀಸಾಗಿ ಬರ್ತೈತಿ.

ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ), ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ತಗ್ಯಾಕ ಎಲ್ಲಾರಿಗೂ ಬರ್ತೈತಿ, ಯಾವಾಗ ಯಾವ್ದು ಅನ್ನೋದ ಗೊಂದಲ. ಒಂದು ಬಸ್ 15 ನಿಮಿಷಕ್ಕೊಮ್ಮೆ ಬಿಡ್ತೈತಿ, ಇನ್ನೊಂದು 20 ನಿಮಿಷಕ್ಕೊಮ್ಮೆ, 9 ಗಂಟೆಕ್ಕ ಎರಡೂ ಕೂಡೇ ಬಿಟ್ವು, ಮತ್ತ ಯಾವಾಗ ಕೂಡ್ತಾವ? ಮುಂದಿನ ಹೊತ್ತು ಕೇಳ್ಯಾರ, ಲ.ಸಾ.ಅ. 60, ಅಂದ್ರ 10 ಗಂಟೆ. 36 ಕಿಲೋ ಬ್ಯಾಡಗಿ ಮೆಣಸಿನಕಾಯಿ, 48 ಕಿಲೋ ಇನ್ನೊಂದು ಜಾತಿ, ಕಲಸಲಾರದ ಎಲ್ಲಾನೂ ಒಂದ ಅಳತಿ ಚೀಲದಾಗ ತುಂಬಬೇಕು, ಏನೂ ಉಳೀಬಾರ್ದು, ದೊಡ್ಡ ಚೀಲ ಅಂದ್ರ ಎಷ್ಟು ಕಿಲೋದ್ದು? ಇದು ಹಂಚೋದು, ಮ.ಸಾ.ಅ. 12. ಇನ್ನೊಂದು ತಪ್ಪಲಾರದ ಬರೋದು: 4, 6, 8ರಿಂದ ಭಾಗಿಸಿದ್ರ 3 ಶೇಷ ಉಳಿಯೋ, 8ಕ್ಕಿಂತ ದೊಡ್ಡದಾದ ಎಲ್ಲಾಕ್ಕಿಂತ ಸಣ್ಣ ಸಂಖ್ಯೆ. 24 ತಗದು ಅಲ್ಲೇ ನಿಂದರ್ತಾವ, ಶೇಷ ಕೂಡಿಸಿ 27 ಮಾಡೋದು ಮರೀತಾವ. ಎರಡು ಸಂಖ್ಯೆ ಗುಣಿಸಿದ್ರ ಅವುಗಳ ಲ.ಸಾ.ಅ. ಮತ್ತು ಮ.ಸಾ.ಅ. ಗುಣಿಸಿದಷ್ಟ ಬರ್ತೈತಿ ಅನ್ನೋದನ್ನೂ 12, 18 ಇಟ್ಟು ತೋರಿಸಿಬಿಡ್ರಿ, 6 × 36, ಎರಡೂ ಕಡೆ 216.

ಸುತ್ತಳತೆ, ವಿಸ್ತೀರ್ಣ ಹೊಲದ ಮ್ಯಾಲೆ ಹೇಳ್ರಿ. 40 ಮೀಟರ್ ಉದ್ದ, 25 ಮೀಟರ್ ಅಗಲದ ಹೊಲಕ್ಕ ಮೂರು ಸಾಲು ತಂತಿ ಬೇಲಿ, ಎಷ್ಟು ತಂತಿ ಬೇಕು? 1000 ಅನ್ನವ ವಿಸ್ತೀರ್ಣ ತಗದಾನ, 130 ಅನ್ನವ "ಮೂರು ಸಾಲು" ಓದಿಲ್ಲ, ಬೇಕಾಗಿದ್ದು 390 ಮೀಟರ್. ಬಾಡ್‌ಮಾಸ್‌ಗೆ (ಯಾವ ಕ್ರಿಯೆ ಮೊದಲ, ಯಾವ್ದು ಆಮ್ಯಾಲ ಅನ್ನೋ ನಿಯಮ) 18 − 6 ÷ 3 × 2 ಕೊಟ್ಟು ನೋಡ್ರಿ, 8 ಬಂದ್ರ ಎಡದಿಂದ ಸುಮ್ನ ಓಡ್ಯಾನ, 17 ಬಂದ್ರ ಗುಣಾಕಾರ ಮೊದಲ ಮಾಡ್ಯಾನ, ಸರಿ ಉತ್ತರ 14. ವ್ಯಾಳ್ಯಾದ ಲೆಕ್ಕದಾಗ ಕಳಿಯಾಕ ಬಿಡಬ್ಯಾಡ್ರಿ, ಮುಂದ ಮುಂದ ಎಣಸಸ್ರಿ: ಹುಬ್ಬಳ್ಳ್ಯಾಗ ರಾತ್ರಿ 10.45ಕ್ಕ ಬಿಟ್ಟ ಬಸ್ ಮುಂಜಾನೆ 6.20ಕ್ಕ ಬೆಂಗ್ಳೂರಿಗೆ ಹೋತು, 11ರ ತನಕ 15 ನಿಮಿಷ, 6ರ ತನಕ 7 ತಾಸು, ಮ್ಯಾಲೆ 20 ನಿಮಿಷ, 7 ತಾಸು 35 ನಿಮಿಷ. ಸ್ಥಾನಬೆಲೆ, ಲಾಭ ನಷ್ಟ, ಕೋನ ಇವೆಲ್ಲ ಒಂದೆರಡು ಸಂಜಿಯೊಳಗ ಆಗ್ತಾವ. ಸ್ತಂಭ ನಕ್ಷೆ ಬಂದ್ರ ಮೊದಲ ಅಳತಿ ಓದು ಅನ್ರಿ, ಒಂದು ಮನಿ ಅಂದ್ರ 10 ಹುಡುಗ್ರೋ 5 ಹುಡುಗ್ರೋ ಅಂತ.

ತಪ್ಪಿದ ಲೆಕ್ಕಕ್ಕ ಬ್ಯಾರೆ ಒಂದು ವಹಿ ಇಡಸ್ರಿ, ಉತ್ತರ ಬರಿಯೋದು ಬ್ಯಾಡ, ಬರೇ ಪ್ರಶ್ನೆ. ನಾಕೈದು ದಿನ ಬಿಟ್ಟು ಅದನ್ನ ಮತ್ತ ಮಾಡಲಿ, ಬಂತು ಅಂದ್ರ ಹೊಡದು ಹಾಕಲಿ. ದಿನಾ ಮುಕ್ಕಾಲು ತಾಸಿಗಿಂತ ಜಾಸ್ತಿ ಗಣಿತ ಬ್ಯಾಡ್ರಿ, ಹತ್ತು ವರ್ಷದ ಹುಡುಗ ಅವ.

ಕಡೀ ಎರಡು ವಾರ ಪೂರಾ ಪೇಪರ್ ಬರಸ್ರಿ, ಓಎಂಆರ್ ಹಾಳಿ (ಉತ್ತರಕ್ಕ ಗೋಲ ತುಂಬೋ ಹಾಳಿ) ಜೆರಾಕ್ಸ್ ಮಾಡ್ಸಿ, ಪೆನ್‌ಲೇ. ಪರೀಕ್ಷೆಯೊಳಗ ನೀಲಿ ಇಲ್ಲಾ ಕರೀ ಬಾಲ್‌ಪೆನ್ ಅಷ್ಟ ನಡೀತೈತಿ, ಪೆನ್ಸಿಲ್ ನಡ್ಯೂದಿಲ್ಲ, ತಿದ್ದಾಕೂ ಬರೂದಿಲ್ಲ, ಅದಕ್ಕ ಪಕ್ಕಾ ಆದ ಮ್ಯಾಲೆ ಗೋಲ ತುಂಬು ಅಂತ ಹೇಳ್ರಿ. ಎರಡು ನಿಮಿಷ ಆದ್ರೂ ಬರದಿದ್ರ ಆ ಲೆಕ್ಕ ಬಿಟ್ಟು ಮುಂದ ಹೋಗಲಿ, ಆದ್ರ ಹಂಗ ಬಿಟ್ಟಾಗ ಮುಂದಿನ ಉತ್ತರ ಬಿಟ್ಟ ನಂಬರಿನ ಸಾಲಿನಾಗ ತುಂಬಿಬಿಡ್ತಾವ ಹುಡುಗ್ರು, ಆಮ್ಯಾಲಿಂದ ಎಲ್ಲಾ ಒಂದೊಂದು ಸಾಲು ಸರೀತಾವ. ಐದು ಲೆಕ್ಕಕ್ಕೊಮ್ಮೆ ಪ್ರಶ್ನೆ ನಂಬರು, ಗೋಲದ ನಂಬರು ಒಂದ ಐತೇನು ಅಂತ ಬಳ್ಳಿಟ್ಟು ನೋಡೋ ರೂಢಿ ಮನ್ಯಾಗ ಆಗಲಿ. ಕಡೀ ಐದು ನಿಮಿಷ ಇದ್ದಾಗ ಖಾಲಿ ಉಳಿದ ಗೋಲ ಎಲ್ಲಾ ತುಂಬಿಬಿಡಲಿ, ಅಂಕ ಹೋಗೂದಂತೂ ಇಲ್ಲ.