ಭಾನುವಾರ ಪಟ್ಟಿ ಬಿಚ್ಚಿದೆವು: ಮಲಾವಿಯಲ್ಲಿ ನನ್ನ ಅನುಭವ

ನಾನು ಕಣ್ಣಿನ ಡಾಕ್ಟರ್. ಆಫ್ರಿಕಾದ ಮಲಾವಿಗೆ ಬಂದ ಮೊದಲ ವರ್ಷ ನಮ್ಮ ಮಿಷನ್ ಆಸ್ಪತ್ರೆಯಲ್ಲಿ ವಾರಕ್ಕೆ 15 ಕಣ್ಣಿನ ಪೊರೆ ಆಪರೇಷನ್ ಆದರೆ ಅದೇ ಜಾಸ್ತಿ. ಪೊರೆ ತೆಗೆದ ಮೇಲೆ ಕಣ್ಣಿನೊಳಗೆ ಇಡುವ ಲೆನ್ಸ್‌ಗಳು ಕಪಾಟಿನಲ್ಲೇ ಕೂತಿರುತ್ತಿದ್ದವು. ಎರಡೂ ಕಣ್ಣು ಕಾಣದ ಅಜ್ಜಿಯರು 40 ಕಿಲೋಮೀಟರ್ ಆಚೆ ಮನೆ ಜಗಲಿಯಲ್ಲಿ ಕೂತಿರುತ್ತಿದ್ದರು. ಈಗ ಒಂದೇ ಶನಿವಾರ 45, 50 ಮಾಡುತ್ತೇವೆ. ಆಗಲ್ಲ ಅಂದವರೇ ಹೇಗೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಆಪರೇಷನ್ ಕಣ್ಣಿನ ಡಾಕ್ಟರುಗಳು ನೀವೆಲ್ಲ ಮಾಡುವ ಎಸ್‌ಐಸಿಎಸ್ಸೇ, ಅಂದರೆ ಸಣ್ಣ ಕೊಯ್ತದ ಪೊರೆ ಆಪರೇಷನ್. ಇಲ್ಲಿ ಪೊರೆ ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗಿ ಕಲ್ಲಾಗಿರುತ್ತದೆ, ಅದನ್ನು ಹೊರತೆಗೆಯುವ ಕೊಯ್ತ, ಅಂದರೆ ಟನಲ್, ಸ್ವಲ್ಪ ದೊಡ್ಡದೇ ಬೇಕು. ನೇಪಾಳದ ಲಹಾನ್ ಕಣ್ಣಿನ ಆಸ್ಪತ್ರೆಯವರ ಹಾಗೆ 30 ಗೇಜ್‌ನ ತೆಳು ಸೂಜಿ ಬಗ್ಗಿಸಿ ನ್ಯೂಕ್ಲಿಯಸ್, ಅಂದರೆ ಪೊರೆಯ ಗಟ್ಟಿ ನಡುಭಾಗ, ಎಳೆಯುತ್ತೇನೆ. ನಾನು ಬಗ್ಗಿಸುವ ರೀತಿ ಬೇರೆ, ಅದನ್ನು ಎದುರಿಗೆ ಕೂತೇ ತೋರಿಸಬೇಕು.

ದುಡ್ಡು ಹೋಗಿದ್ದು ಜನರನ್ನು ಕರೆತರುವುದರಲ್ಲಿ. ಮೊದಲು ರೇಡಿಯೋದಲ್ಲಿ ಮೂರು ವಾರ ಚಿಚೇವಾ ಭಾಷೆಯಲ್ಲಿ ಹೇಳಿಸಿದೆ. ಇಲ್ಲಿನ ಹಣದಲ್ಲಿ ಸುಮಾರು 4 ಲಕ್ಷ ಕ್ವಾಚಾ ಖರ್ಚು. ಬಂದವರು 9 ಜನ, ಅದರಲ್ಲಿ 5 ಜನಕ್ಕೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಪೊರೆ ತೆಗೆದರೆ ಅದು ವಾಸಿಯಾಗಲ್ಲ. ಆಮೇಲೆ ಜನವರಿಯಲ್ಲಿ ಲಾರಿ ಬಾಡಿಗೆಗೆ ಹಿಡಿದೆ. ಮಳೆಗಾಲ, ಮನೆಯಲ್ಲಿ ಕಾಳು ಮುಗಿದಿರುವ ತಿಂಗಳು, ಹೊಲ ಬಿಟ್ಟು ಯಾರು ಬರುತ್ತಾರೆ? ಲಾರಿ ಕೆಸರಲ್ಲಿ ಹೂತು ಇಬ್ಬರು ಬಂದರು. ಅಷ್ಟರಲ್ಲಿ 2023ರ ನವೆಂಬರ್‌ನಲ್ಲಿ ಕ್ವಾಚಾ ಬೆಲೆ ಇಳಿಸಿದರು, ಒಂದು ಡಾಲರ್‌ಗೆ ಶೇ. 44ರಷ್ಟು ಹೆಚ್ಚು ಕ್ವಾಚಾ ಕೊಡಬೇಕಾಯಿತು. ಫೀಸಿನಿಂದ ಕೂಡಿಟ್ಟ ದುಡ್ಡಿಗೆ ಮೊದಲಿನಷ್ಟು ಲೆನ್ಸೂ ಬರಲಿಲ್ಲ, ಡೀಸೆಲ್ಲೂ ಬರಲಿಲ್ಲ.

ಆಗ ನೆನಪಾದವರು ನಮ್ಮಜ್ಜಿ. ಊರೂರಲ್ಲಿ ಕಣ್ಣಿನ ಕ್ಯಾಂಪ್ ಮಾಡುತ್ತಿದ್ದ ಡಾ. ಎಂ.ಸಿ. ಮೋದಿಯವರ ಕ್ಯಾಂಪಿನಲ್ಲಿ ಆಪರೇಷನ್ ಮಾಡಿಸಿಕೊಂಡು ದಪ್ಪ ಕನ್ನಡಕ ಹಾಕಿಕೊಂಡು ಮನೆಗೆ ಬಂದಿದ್ದರು. ಅವರು ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ನೋಡಿಯೇ ನಮ್ಮ ಬೀದಿಯಿಂದ ಏಳು ಜನ ಮುಂದಿನ ಕ್ಯಾಂಪಿಗೆ ಹೋದರು. ಇಲ್ಲಿ ಹತ್ತಾರು ಹಳ್ಳಿಯವರು ಒಟ್ಟಿಗೆ ಸೇರುವ ಜಾಗ ಚರ್ಚು. ಸಲೀಮಾ ಜಿಲ್ಲೆ ಕಡೆಯ ನಮ್ಮ ಹೆಲ್ತ್ ಸೆಂಟರ್ ಚರ್ಚಿನ ಪಕ್ಕದಲ್ಲೇ ಇದೆ. ಶನಿವಾರ ಅಲ್ಲೇ ಆಪರೇಷನ್ ಮಾಡಿ, ಭಾನುವಾರ ಆರಾಧನೆಗೆ ಮುಂಚೆ ಚರ್ಚಿನ ಮೆಟ್ಟಿಲ ಮೇಲೆ ಪಟ್ಟಿ ಬಿಚ್ಚೋಣ ಅಂದೆ.

ಹಿರಿಯ ಸರ್ಜನ್ ಒಬ್ಬರು ಇದು ನಾಟಕ, ಇನ್‌ಫೆಕ್ಷನ್ ತರಿಸ್ತೀಯ ಅಂದರು. ಬೆಳಿಗ್ಗೆ ಆರಕ್ಕೆ ಒಳಗೇ ಕಣ್ಣು ಪರೀಕ್ಷೆ ಮಾಡಿ, ಹನಿ ಹಾಕಿ, ಹೊಸ ಪಟ್ಟಿ ಕಟ್ಟಿಯೇ ಹೊರಗೆ ಕಳಿಸುತ್ತೇವೆ. ಬೇಡ ಅಂದವರು ವಾರ್ಡಿನಲ್ಲೇ ಇರುತ್ತಾರೆ. ಆಪರೇಷನ್‌ಗೆ ಮುಂಚೆ ಕಣ್ಣಿಗೆ ಕ್ರಿಮಿನಾಶಕ 5% ಬೀಟಾಡಿನ್ ಹಾಕುವುದು ತಪ್ಪಿಸುವುದಿಲ್ಲ. ಮೊದಲ 200 ಕೇಸಿನಲ್ಲಿ ಒಂದೂ ಎಂಡಾಫ್ತಲ್ಮೈಟಿಸ್, ಅಂದರೆ ಕಣ್ಣಿನೊಳಗಿನ ಇನ್‌ಫೆಕ್ಷನ್, ಬರಲಿಲ್ಲ.

ಆದರೆ ಮೊದಲ ಭಾನುವಾರವೇ ಏಟು ತಿಂದೆವು. ಬೆಳಿಗ್ಗೆ ಆರಕ್ಕೆ ನೋಡಿದಾಗ ಒಬ್ಬ ತಾಯಿಯ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ತಿಳಿಯಾಗಿತ್ತು, ಲೆನ್ಸ್ ಜಾಗದಲ್ಲಿತ್ತು, ದೃಷ್ಟಿ ಎಷ್ಟಿದೆ ಅಂತ ನಾನು ಕೇಳಲಿಲ್ಲ. ಮೆಟ್ಟಿಲ ಮೇಲೆ ಪಟ್ಟಿ ಬಿಚ್ಚಿದರೆ ಅವರಿಗೆ ಏನೂ ಕಾಣಲಿಲ್ಲ. ಕಣ್ಣಿನ ಹಿಂದಿನ ನರವೇ ಸತ್ತಿತ್ತು. ಪಾಪೆ ಬೆಳಕಿಗೆ ಕುಗ್ಗುತ್ತದಾ ಅಂತ ಸರಿಯಾಗಿ ನೋಡದೆ ಟೇಬಲ್‌ಗೆ ಹಾಕಿದ್ದು ನಾನೇ. ಮುನ್ನೂರು ಜನ ನೋಡಿದರು. ಮುಂದಿನ ತಿಂಗಳು ಆ ಕಡೆಯಿಂದ ಒಬ್ಬರೂ ಬರಲಿಲ್ಲ. ಅವರ ಕೈ ಹಿಡಿದು ಕೂತಿದ್ದು ಇನ್ನೂ ಮರೆತಿಲ್ಲ. ಅಂದಿನಿಂದ ಸ್ವಲ್ಪ ಅನುಮಾನ ಬಂದರೂ ಆ ಕೇಸು ದೊಡ್ಡ ಆಸ್ಪತ್ರೆಗೆ. ಮೊದಲು ಯಾರ ಪಟ್ಟಿ ಬಿಚ್ಚಬೇಕು ಅಂತ ಶನಿವಾರ ರಾತ್ರಿಯೇ ಆರಿಸುತ್ತೇನೆ. ಹೇಗೆ ಆರಿಸುತ್ತೇನೆ ಅನ್ನೋದು ನನ್ನಲ್ಲೇ ಇರಲಿ.

ಮೂರನೇ ಸಲ ಒಬ್ಬರು ಅಗೋಗೊ, ಅಂದರೆ ಅಜ್ಜಿ, ಕಣ್ಣು ಬಿಟ್ಟವರೇ ತಾವು ಉಟ್ಟಿದ್ದ ಚಿತೆಂಜೆ ಬಟ್ಟೆ ನೋಡಿ, ಇದು ನನ್ನದಲ್ಲ, ನನ್ನದು ಎಲ್ಲಿ ಅಂತ ಮಗಳನ್ನು ಬೈದರು. ಚರ್ಚಿಗೆ ಚರ್ಚೇ ಚಪ್ಪಾಳೆ ತಟ್ಟಿತು. ಆ ಅಜ್ಜಿಯೊಬ್ಬರೇ ಆ ವರ್ಷ ಸುಮಾರು 30 ಜನರನ್ನು ಕರೆತಂದರು. ಅದಕ್ಕೆ ನಮಗಾದ ಖರ್ಚು ಅವರ ಮಿನಿಬಸ್ ಚಾರ್ಜು ಮಾತ್ರ.

ಇನ್ನೊಂದು ಪ್ರಯೋಗವೂ ಮಾಡಿದೆ. ಊರಿನ ಸಿಂಗಾಂಗ, ಅಂದರೆ ನಾಟಿ ವೈದ್ಯರು, ಎಲೆ ರಸ ಬಿಟ್ಟು ಕಾರ್ನಿಯಾ ಹಾಳಾದ ಕಣ್ಣುಗಳನ್ನು ನೋಡಿ ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಆರು ಜನಕ್ಕೆ ಟಾರ್ಚ್ ಕೊಟ್ಟು, ಪಾಪೆ ಬೆಳ್ಳಗೆ ಕಂಡರೆ ರಸ ಬಿಡಬೇಡಿ, ನಮ್ಮ ಕಡೆ ಕಳಿಸಿ ಅಂದೆ. ಮೂವರು ಕಳಿಸುತ್ತಿದ್ದಾರೆ. ಕರೆಂಟ್ ಹೋದಾಗ ಮೈಕ್ರೋಸ್ಕೋಪಿನ ದೀಪಕ್ಕೆ ಕಾರ್ ಬ್ಯಾಟರಿ ಸಾಕು, ಎರಡು ಬ್ಯಾಟರಿ ಇಟ್ಟುಕೊಳ್ಳಿ.

ಮೆಕ್ಕೆಜೋಳದ ಕೊಯ್ಲು ಮುಗಿದ ಮೇಲೆ ಮಲಾವಿ ಸರೋವರದ ಲಿಕೋಮಾ ದ್ವೀಪಕ್ಕೆ ಹೋಗಬೇಕು. ಅಲ್ಲಿ ದೊಡ್ಡ ಕೆಥೆಡ್ರಲ್ ಇದೆ, ಮೆಟ್ಟಿಲಿಗೆ ಕೊರತೆಯಿಲ್ಲ. ಮೈಕ್ರೋಸ್ಕೋಪ್ ದಾಟಿಸುವುದೇ ಚಿಂತೆ. ಮೂರು ಭಾಗ ಬಿಚ್ಚಿ ನೋಡಿದೆ, ಬುಡವೇ 20 ಕೆಜಿ ಮೇಲಿದೆ. ದೋಣಿಯಲ್ಲಿ ಸಾಗಿಸಿದವರಿದ್ದರೆ, ಅಲೆಗೆ ಅಲುಗಾಡದಂತೆ ಹೇಗೆ ಕಟ್ಟಿದಿರಿ ಅಂತ ತಿಳಿಸಿ.