ಅಪರೂಪದ ಬ್ಯಾರಲ್ ಏಜ್ಡ್ ಸ್ಟೌಟ್‌ಗಳನ್ನ ಹೋಲಿಸಿ ನೋಡೋದು ಹೇಗೆ: ರುಚಿಯ ಲೆಕ್ಕ ಬೇರೆ, ಬೆಲೆಯ ಲೆಕ್ಕ ಬೇರೆ

ಥ್ಯಾಂಕ್ಸ್‌ಗಿವಿಂಗ್ ಮಾರನೇ ದಿನ, ಬ್ಲ್ಯಾಕ್ ಫ್ರೈಡೇ, ಶಿಕಾಗೋ ಚಳೀಲಿ ಇನ್ನೂ ಬೆಳಕು ಹರಿದಿರಲ್ಲ, ಲಿಕ್ಕರ್ ಅಂಗಡಿ ಮುಂದೆ ಜನ ಕುರ್ಚಿ ಹಾಕ್ಕೊಂಡು ಕಂಬಳಿ ಹೊದ್ಕೊಂಡು ಕೂತಿರ್ತಾರೆ. ಗೂಸ್ ಐಲ್ಯಾಂಡ್ ಅನ್ನೋ ಶಿಕಾಗೋ ಬ್ರೂವರಿಯವರ ಬರ್ಬನ್ ಕೌಂಟಿ ಸ್ಟೌಟ್ ಪ್ರತಿ ವರ್ಷ ರಿಲೀಸ್ ಆಗೋದು ಅವತ್ತೇ. ನಾನೂ ಆ ಕ್ಯೂನಲ್ಲಿ ನಿಂತು ನಿಂತು ಬಾಟಲ್ ಕೂಡಿಟ್ಟವನು, ಹಾಗಾಗಿ ಇಲ್ಲಿರೋ ನಮ್ಮ ಕನ್ನಡದ ಸ್ನೇಹಿತರು ಬಂದಾಗೆಲ್ಲ ಒಂದೇ ಪ್ರಶ್ನೆ ಕೇಳ್ತಾರೆ: ಇದು ಅಂಗಡೀಲಿ ಹದಿನೈದು ಡಾಲರ್ ಆಸುಪಾಸಿಗೆ ಸಿಗುತ್ತೆ, ಇನ್ನೊಂದು ಅಪರೂಪದ ಬಾಟಲಿಗೆ ಮುನ್ನೂರು ಕೊಡೋರೂ ಇದಾರೆ ಅಂತೀಯ, ಎರಡೂ ಕಪ್ಪು ಬಿಯರೇ ಅಲ್ವಾ, ಅಷ್ಟು ವ್ಯತ್ಯಾಸ ಎಲ್ಲಿದೆ? ನನ್ನ ಉತ್ತರ ಏನಂದ್ರೆ ವ್ಯತ್ಯಾಸ ಇದೆ, ಆದ್ರೆ ಅದರಲ್ಲಿ ಎಷ್ಟು ನಾಲಿಗೇದು ಎಷ್ಟು ಅಭಾವದ್ದು ಅಂತ ಬೇರೆ ಬೇರೆ ಮಾಡಿ ನೋಡಬೇಕು. ಅದನ್ನ ಮಾಡೋ ಕ್ರಮ ಬರೀತೀನಿ.

ಮೊದಲು ಗ್ಲಾಸ್‌ನಲ್ಲಿ ಏನಿದೆ ಅಂತ ಗೊತ್ತಿರಬೇಕು. ಇಂಪೀರಿಯಲ್ ಸ್ಟೌಟ್ ಅಂದ್ರೆ ಹುರಿದ ಬಾರ್ಲಿ ಮಾಲ್ಟ್ ಜಾಸ್ತಿ ಹಾಕಿ ಮಾಡಿದ ದಪ್ಪ, ಕಪ್ಪು, ಸ್ಟ್ರಾಂಗ್ ಬಿಯರ್. ಅದನ್ನ ಬರ್ಬನ್ ಅನ್ನೋ ಅಮೆರಿಕದ ವಿಸ್ಕಿ ತುಂಬಿಟ್ಟು ಖಾಲಿ ಮಾಡಿದ ಓಕ್ ಬ್ಯಾರಲ್‌ಗೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಇಡ್ತಾರೆ, ಬ್ಯಾರಲ್ ಏಜ್ಡ್ ಅಂದ್ರೆ ಇದೇ. ಅಮೆರಿಕದ ಕಾನೂನು ಪ್ರಕಾರ ಬರ್ಬನ್‌ಗೆ ಪ್ರತಿ ಸಲ ಒಳಮೈ ಸುಟ್ಟ ಹೊಸ ಓಕ್ ಬ್ಯಾರಲ್ಲೇ ಬೇಕು, ಒಂದು ಸಲ ಬಳಸಿದ್ದನ್ನ ಮತ್ತೆ ಬರ್ಬನ್‌ಗೆ ಬಳಸೋ ಹಾಗಿಲ್ಲ, ಹಾಗಾಗಿ ಸುಮಾರು 200 ಲೀಟರ್ ಹಿಡಿಯೋ ಈ ಬ್ಯಾರಲ್‌ಗಳು ರಾಶಿ ರಾಶಿ ಮಾರಾಟಕ್ಕೆ ಬರ್ತವೆ, ಸ್ಕಾಟ್ಲೆಂಡಿಗೆ ಹೋಗ್ತವೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರ್ತವೆ. 1990ರ ದಶಕದಲ್ಲಿ ಗೂಸ್ ಐಲ್ಯಾಂಡ್‌ನಲ್ಲಿ ಬಿಯರ್ ಮಾಡ್ತಿದ್ದ ಗ್ರೆಗ್ ಹಾಲ್‌ಗೆ ಜಿಮ್ ಬೀಮ್ ಅನ್ನೋ ಬರ್ಬನ್ ಕಂಪನಿಯ ಬುಕರ್ ನೋ ಪರಿಚಯ ಆಗಿ, ಅಲ್ಲಿಂದ ಬ್ಯಾರಲ್ ತರಿಸಿ ಅದಕ್ಕೆ ಸ್ಟೌಟ್ ಹಾಕಿದ್ದರಿಂದ ಬರ್ಬನ್ ಕೌಂಟಿ ಹುಟ್ತು.

ಬ್ಯಾರಲ್ ಒಳಗೆ ಆಗೋದು ಬರೀ ವಿಸ್ಕಿ ವಾಸನೆ ಅಂಟೋದಲ್ಲ. ಓಕ್ ಮರದಲ್ಲಿರೋ ಲಿಗ್ನಿನ್ ಅನ್ನೋ ಅಂಶ ಒಡೆದು ವೆನಿಲಾ ಪರಿಮಳದ ವೆನಿಲಿನ್ ಬರುತ್ತೆ, ಓಕ್ ಲ್ಯಾಕ್ಟೋನ್‌ನಿಂದ ಕೊಬ್ಬರಿ ಥರದ ಪರಿಮಳ ಬರುತ್ತೆ, ಟ್ಯಾನಿನ್‌ನಿಂದ ಅಡಿಕೆ ಚೊಗರಿನ ಹಾಗೆ ಬಾಯಿ ಒಗರಾಗುತ್ತೆ, ಮರದ ಮೂಲಕ ಸ್ವಲ್ಪ ಸ್ವಲ್ಪ ಗಾಳಿ ಒಳಗೆ ಬಂದು ಒಣದ್ರಾಕ್ಷಿ ಖರ್ಜೂರದ ರುಚಿ ಕೂಡುತ್ತೆ. ಹವೆ ಮುಖ್ಯ. ಬೆಂಗಳೂರಿನ ಸೆಕೆಗೆ ಅಮೃತ್‌ನ ಬ್ಯಾರಲ್‌ನಿಂದ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಆವಿಯಾಗಿ ಹೋಗುತ್ತೆ, ಸ್ಕಾಟ್ಲೆಂಡ್‌ನಲ್ಲಿ ಶೇ 2ರ ಹತ್ತಿರ. ಹಾಗಾಗಿ ಲೇಬಲ್ ಮೇಲೆ ಎರಡು ವರ್ಷ ಅಂತ ಇದ್ದ ಮಾತ್ರಕ್ಕೆ ಒಂದು ವರ್ಷದ್ದಕ್ಕಿಂತ ಎರಡು ಪಟ್ಟು ಚೆನ್ನಾಗಿರುತ್ತೆ ಅಂತ ಅಲ್ಲ. ಎಷ್ಟೋ ಸಲ ಮರದ ಒಗರು ಮಾಲ್ಟನ್ನ ನುಂಗಿಬಿಟ್ಟಿರುತ್ತೆ.

ಈಗ ಬೆಲೆ ವಿಷಯ. ಈ ಹವ್ಯಾಸದವರು ಒಂದು ಬಾಟಲಿಗೆ ಬೆಲೆ ಕಟ್ಟುವಾಗ ಮೊದಲು ನೋಡೋದು ಎಷ್ಟು ಮಾಡಿದಾರೆ, ಎಲ್ಲಿ ಸಿಗುತ್ತೆ ಅನ್ನೋದು. ಐಯೋವಾದ ಡೆಕೋರಾ ಅನ್ನೋ ಪುಟ್ಟ ಊರಲ್ಲಿ ಟಾಪ್ಲಿಂಗ್ ಗೋಲಾಯತ್ ಅಂತ ಬ್ರೂವರಿ ಇದೆ, ಅವರ ಕೆಂಟಕಿ ಬ್ರಂಚ್ ಬ್ರ್ಯಾಂಡ್ ಸ್ಟೌಟ್ ರೇಟಿಂಗ್ ಪಟ್ಟಿಗಳ ತುದೀಲಿ ವರ್ಷಗಟ್ಟಲೆ ಕೂತಿದೆ, ಅದನ್ನ ಕೊಳ್ಳೋಕೆ ಅಲ್ಲಿಗೇ ಹೋಗಬೇಕಿತ್ತು, ಹೋದೋರಿಗೆಲ್ಲ ಸಿಗ್ತಾನೂ ಇರಲಿಲ್ಲ. ಎರಡನೇದು ಬ್ಯಾರಲ್‌ನ ಹೆಸರು. ಬರ್ಬನ್ ಕೌಂಟಿದೇ ರೇರ್ ಅನ್ನೋ ಒಂದು ಆವೃತ್ತಿ ಇದೆ, 2010ರ ರೇರ್ ಪ್ಯಾಪಿ ವ್ಯಾನ್ ವಿಂಕಲ್ ಅನ್ನೋ ವಿಸ್ಕಿಯ 23 ವರ್ಷದ ಬ್ಯಾರಲ್‌ನಲ್ಲಿ ಇಟ್ಟದ್ದು, 2015ರ ರೇರ್ ಹೆವನ್ ಹಿಲ್‌ನ 35 ವರ್ಷದ ಬ್ಯಾರಲ್‌ನಲ್ಲಿ ಇಟ್ಟದ್ದು. ಆ ವಿಸ್ಕಿಗಳ ಹೆಸರಿಗೇ ಜನ ದುಡ್ಡು ಕೊಡ್ತಾರೆ. ಆಮೇಲೆ ರೇಟಿಂಗ್, ಆಮೇಲೆ ಕಾಫಿ, ವೆನಿಲಾ, ಕೊಬ್ಬರಿ, ಮೇಪಲ್ ಸಿರಪ್ ಹಾಕಿದ ವೇರಿಯಂಟ್‌ಗಳು, ಕೊನೆಗೆ ಬಾಟಲಿಯ ಸ್ಥಿತಿ. ತುಂಬಾ ಅಪರೂಪದ್ದಕ್ಕೆ ವೇಲ್ ಅಂತಾರೆ, ತಿಮಿಂಗಿಲ ಅಂತಾನೇ ಅರ್ಥ. ಬಾಟಲಿಗೆ ಬಾಟಲ್ ಬದಲಾಯಿಸ್ಕೊಳ್ಳುವಾಗ ಬೇಕಾಗಿರೋದಕ್ಕೆ ಐಎಸ್‌ಒ (ಇನ್ ಸರ್ಚ್ ಆಫ್), ಕೊಡೋಕಿರೋದಕ್ಕೆ ಎಫ್‌ಟಿ (ಫಾರ್ ಟ್ರೇಡ್) ಅಂತ ಹಾಕ್ತಾರೆ, ಅಂಗಡಿ ಬೆಲೆಗೆ ಸರಿಸಮ ಬದಲಾಯಿಸೋದು ಡಾಲರ್ ಫಾರ್ ಡಾಲರ್.

ಅಭಾವ ಎಷ್ಟು ತೂಕದ್ದು ಅಂತ ಗೊತ್ತಾಗಬೇಕಾದ್ರೆ ಮಿಶಿಗನ್‌ನ ಫೌಂಡರ್ಸ್ ಬ್ರೂವರಿ ಮಾಡಿದ ಕೆನೇಡಿಯನ್ ಬ್ರೇಕ್‌ಫಾಸ್ಟ್ ಸ್ಟೌಟ್, ಅಂದ್ರೆ ಸಿಬಿಎಸ್ ಕಥೆ ನೋಡಿ. ಬರ್ಬನ್ ಆದ್ಮೇಲೆ ಮೇಪಲ್ ಸಿರಪ್ ಇಟ್ಟಿದ್ದ ಬ್ಯಾರಲ್‌ನಲ್ಲಿ ಏಜ್ ಮಾಡಿದ್ದು. 2011ರಲ್ಲಿ ಬಾಟಲ್ ಬಂತು, ಆಮೇಲೆ ವರ್ಷಾನುಗಟ್ಟಲೆ ಬಾಟಲ್ ಬರಲೇ ಇಲ್ಲ, ಜನ ಅದಕ್ಕೋಸ್ಕರ ಡಬ್ಬಗಟ್ಟಲೆ ಬೇರೆ ಬಿಯರ್ ಕೊಡೋಕೆ ತಯಾರಿದ್ರು. 2017ರಲ್ಲಿ ದೊಡ್ಡ ಪ್ರಮಾಣದಲ್ಲಿ ಮತ್ತೆ ಬಿಟ್ಟಾಗ ಅಂಗಡಿ ಶೆಲ್ಫ್ ಮೇಲೇ ಕೂತಿತ್ತು, ವಿನಿಮಯದಲ್ಲಿ ಯಾರೂ ಕೇಳೋರಿಲ್ಲ. ಬಿಯರ್ ಈಗಲೂ ಒಳ್ಳೇದೇ, ನನಗೆ ಬಹಳ ಇಷ್ಟ. ಇಳಿದದ್ದು ಅಭಾವದ ಭಾಗ ಮಾತ್ರ.

ರೇಟಿಂಗ್ ಓದುವಾಗಲೂ ಸ್ವಲ್ಪ ನಿಧಾನಿಸಿ. ಅನ್‌ಟ್ಯಾಪ್ಡ್ ಅನ್ನೋ ಬಿಯರ್ ರೇಟಿಂಗ್ ಆಪ್‌ನಲ್ಲಿ 5ಕ್ಕೆ 4.6 ಅಂತ ಇದ್ರೆ ಅದನ್ನ ಕೊಟ್ಟವರು ಯಾರು ಯೋಚಿಸಿ, ಆ ಬಾಟಲಿಗೋಸ್ಕರ ಗಂಟೆಗಟ್ಟಲೆ ಡ್ರೈವ್ ಮಾಡಿದವರು, ಅದನ್ನ ಕೊಳ್ಳೋ ಅವಕಾಶದ ಲಾಟರಿ ಗೆದ್ದವರು, ಅಥವಾ ಸ್ನೇಹಿತರ ಮನೇಲಿ ಹತ್ತು ಬಾಟಲ್ ಒಟ್ಟಿಗೆ ತೆಗೆದಾಗ ಎರಡು ಗುಟುಕು ಕುಡಿದವರು. ಎಂಟನೇ ಗುಟುಕಿನ ಹೊತ್ತಿಗೆ ನಾಲಿಗೆ ಸೋತಿರುತ್ತೆ, ಅತಿ ಸಿಹಿ, ಅತಿ ವೆನಿಲಾ ಇರೋದೇ ಗೆಲ್ಲೋದು, ಹದವಾಗಿರೋ ಸ್ಟೌಟ್ ಸೋಲುತ್ತೆ. ಒಂದು ಪೂರ್ತಿ ಗ್ಲಾಸ್ ಕುಡಿದು ಮುಗಿಸೋಕೆ ಆಗುತ್ತಾ ಅನ್ನೋದು ಆ ನಂಬರ್‌ನಲ್ಲಿ ಇರೋದೇ ಇಲ್ಲ.

ಹೋಲಿಕೆ ಮಾಡೋ ರೀತಿಗೆ ಬರ್ತೀನಿ. ನಾಲ್ಕಕ್ಕಿಂತ ಜಾಸ್ತಿ ಬಾಟಲ್ ತೆಗೀಬೇಡಿ, ಇವೆಲ್ಲ ಶೇ 12ರಿಂದ 15 ಆಲ್ಕೋಹಾಲ್ ಇರೋವು, ಕ್ಯಾಲಿಫೋರ್ನಿಯಾದಲ್ಲಿ ದಿ ಬ್ರೂವರಿ (The Bruery) ಅನ್ನೋ ಹೆಸರಿನವರ ಬ್ಲ್ಯಾಕ್ ಟ್ಯೂಸ್‌ಡೇ ಶೇ 19ರ ಆಸುಪಾಸು ಹೋಗುತ್ತೆ, ನಾಲ್ಕು ಜನ ಹಂಚ್ಕೊಳ್ಳಿ, ಯಾರೂ ಡ್ರೈವ್ ಮಾಡೋ ಹಾಗಿರಬಾರದು. ಒಂದೇ ಜಾತಿಯವು ಆರಿಸಿ: ಏನೂ ಹಾಕದ ಸಾದಾ ಬ್ಯಾರಲ್ ಏಜ್ಡ್‌ಗೆ ಸಾದಾದೇ ಜೋಡಿ, ಕಾಫಿ ಹಾಕಿದ್ದಕ್ಕೆ ಕಾಫಿದೇ. ಮತ್ತೆ ಇದು ಎಲ್ಲಕ್ಕಿಂತ ಮುಖ್ಯ, ನಾಲ್ಕರಲ್ಲಿ ಒಂದು ಖಂಡಿತ ಅಂಗಡೀಲಿ ಸುಲಭವಾಗಿ ಸಿಗೋದಿರಲಿ. ಸಾದಾ ಬರ್ಬನ್ ಕೌಂಟಿ ಅಥವಾ ಫೈರ್‌ಸ್ಟೋನ್ ವಾಕರ್‌ನವರ ಪ್ಯಾರಾಬೋಲಾ ಅದಕ್ಕೆ ಸರಿ. ಅದು ನಿಮ್ಮ ಅಳತೆಗೋಲು, ಅದಿಲ್ಲದೆ ಮಾಡಿದ ಹೋಲಿಕೆಗೆ ನೆಲೆಯೇ ಇಲ್ಲ.

ಬಾಟಲಿಗಳನ್ನ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ, ಗಸಿ ಕೆಳಗೆ ಕೂರಲಿ. ಕುಡಿಯೋ ಮುಂಚೆ ಮುಕ್ಕಾಲು ಗಂಟೆ ಫ್ರಿಜ್‌ನಿಂದ ಹೊರಗಿಡಿ, 12ರಿಂದ 15 ಡಿಗ್ರಿ ಸೆಲ್ಸಿಯಸ್ ಹದ, ತೀರಾ ತಣ್ಣಗಿದ್ರೆ ಪರಿಮಳ ಅಡಗಿ ಕಹಿಯೇ ಮುಂದೆ ಬರುತ್ತೆ. ಕುಡಿಯದೇ ಇರೋ ಒಬ್ಬರಿಗೆ, ನಮ್ಮನೇಲಿ ನನ್ನ ಹೆಂಡತಿ, ಬಾಟಲಿಗಳಿಗೆ ಕಾಗದದ ಚೀಲ ಹಾಕಿ ನಂಬರ್ ಬರೆಯೋಕೆ ಹೇಳಿ. ಮೇಣ ಹಚ್ಚಿದ ಮುಚ್ಚಳ ಇದ್ರೆ ಪೂರ್ತಿ ಕೆರೆದು ತೆಗೀಬೇಕು, ಮೇಣದ ಬಣ್ಣ ನೋಡೇ ಗೊತ್ತು ಹಿಡಿಯೋರಿದಾರೆ. ಒಂದೇ ಥರದ ಗ್ಲಾಸ್, ಬಾಯಿ ಕಿರಿದಾಗಿರೋದು, ತಲಾ 60 ಎಂಎಲ್. ಜೊತೆಗೆ ನೀರು ಮತ್ತು ಸಪ್ಪೆ ಬ್ರೆಡ್. ಚೀಸು, ಚಾಕಲೇಟು, ಖಾರಾ ಮಿಕ್ಸ್ಚರ್ ಎಲ್ಲ ಆಮೇಲೆ.

ಮೊದಲು ಮೂಗು, ಆಮೇಲೆ ಗುಟುಕು, ನುಂಗಿದ ಮೇಲೆ ಅರ್ಧ ನಿಮಿಷ ಸುಮ್ನಿರಿ. ಬರೆಯುವಾಗ ಇಂಗ್ಲಿಷ್ ರಿವ್ಯೂಗಳ ಪದ ಎರವಲು ತರಬೇಡಿ, ನಿಮ್ಮ ಅಡುಗೆಮನೆ ರುಚಿಗಳನ್ನೇ ಬರೀರಿ. ನಾನು ಮಲೆನಾಡವನು, ನನಗೆ ಒಳ್ಳೆ ಸ್ಟೌಟ್ ಅಂದ್ರೆ ಜೋನಿ ಬೆಲ್ಲ, ಹದ ಮೀರದ ಹಾಗೆ ಹುರಿದ ಕಾಫಿ ಬೀಜ, ಒಣಕೊಬ್ಬರಿ, ನೆನೆಸಿದ ಖರ್ಜೂರ. ಒಬ್ಬ ಸ್ನೇಹಿತ ಒಂದು ಬಾಟಲಿಗೆ ಆಲೆಮನೆ ಕೊಪ್ಪರಿಗೆ ಅಂತ ಬರೆದ, ಅಷ್ಟು ನಿಖರವಾದ ಟಿಪ್ಪಣಿ ನಾನು ಎಲ್ಲೂ ಓದಿಲ್ಲ. ಗ್ಲಾಸ್ ಬೆಚ್ಚಗಾದ ಹಾಗೆ ಇನ್ನೊಂದು ಸುತ್ತು ಹೋಗಿ, ಕ್ರಮ ಬದಲಾಗುತ್ತೆ, ಎರಡನೇ ಸುತ್ತಿನ ಅಂಕಗಳೇ ನಂಬಿಕೆಗೆ ಅರ್ಹ. ಎರಡು ಬಾಟಲ್ ಹತ್ತಿರ ಹತ್ತಿರ ಅನ್ನಿಸಿದ್ರೆ ಮೂರು ಗ್ಲಾಸ್ ಇಡಿಸಿ, ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಇನ್ನೊಂದು. ಬೇರೆದು ಯಾವ್ದು ಅಂತ ಕಂಡು ಹಿಡಿಯೋಕಾಗದಿದ್ರೆ ಆ ಎರಡರ ನಡುವಿನ ಬೆಲೆಯ ಅಂತರದಲ್ಲಿ ನಿಮ್ಮ ನಾಲಿಗೆಗೆ ಪಾಲಿಲ್ಲ.

ದೋಷಗಳನ್ನ ಗುರುತಿಸೋದು ಕಲೀರಿ, ಯಾಕಂದ್ರೆ ಹಳೇ ಬಾಟಲಿಗೆ ಜಾಸ್ತಿ ದುಡ್ಡು ಕೇಳ್ತಾರೆ. ನೆಂದ ರಟ್ಟಿನ ವಾಸನೆ, ಸೋಯಾ ಸಾಸ್ ಥರ ಉಪ್ಪುಪ್ಪು ಬಂದ್ರೆ ಗಾಳಿ ತಗುಲಿ ವಯಸ್ಸು ಮೀರಿದೆ. ಹುಳಿ ಮಜ್ಜಿಗೆ ಥರ ಇದ್ರೆ ಬ್ಯಾಕ್ಟೀರಿಯಾ ಸೇರಿದೆ. 2015ರ ಬರ್ಬನ್ ಕೌಂಟಿಯ ಕೆಲವು ಬಿಯರ್‌ಗಳಲ್ಲಿ ಹಾಗೇ ಆಗಿ ಗೂಸ್ ಐಲ್ಯಾಂಡ್‌ನವರು ದುಡ್ಡು ವಾಪಸ್ ಕೊಟ್ರು, ಮುಂದಿನ ವರ್ಷದಿಂದ ಪಾಶ್ಚರೈಸ್ ಮಾಡೋಕೆ ಶುರು ಮಾಡಿದ್ರು. ಹಾಗಾಗಿ ಆ ವರ್ಷದ ಬಾಟಲ್ ಯಾರಾದ್ರೂ ಕೊಡ್ತೀನಿ ಅಂದ್ರೆ ಯಾವ ವೇರಿಯಂಟ್, ಯಾವ ಬ್ಯಾಚ್ ಅಂತ ಕೇಳಿ. ಕಾಫಿ ಹಾಕಿದವಂತೂ ಇಡಲೇಬಾರದು, ಮೊದಲ ಕೆಲವು ತಿಂಗಳಲ್ಲಿ ಕುಡಿಯಬೇಕು. ನಾನು ಒಮ್ಮೆ ನಾಲ್ಕು ವರ್ಷ ಹಳೇ ಕಾಫಿ ಸ್ಟೌಟ್‌ಗೆ ಎರಡು ಒಳ್ಳೆ ಬಾಟಲ್ ಬದಲು ಕೊಟ್ಟು ತಂದೆ, ತೆಗೆದ್ರೆ ಕಾಫಿಯ ಸುಳಿವೇ ಇಲ್ಲ, ಹಸಿ ದೊಣ್ಣೆಮೆಣಸಿನಕಾಯಿ ಹೆಚ್ಚಿದ ವಾಸನೆ. ಇಡೋದಾದ್ರೆ ಏನೂ ಹಾಕದ ಸಾದಾದನ್ನ ಇಡಿ, ಕತ್ತಲೆ, 10ರಿಂದ 13 ಡಿಗ್ರಿ, ನಿಲ್ಲಿಸಿದ ಬಾಟಲ್, ಮೂರ್ನಾಲ್ಕು ವರ್ಷ ಸಾಕು.

ಎಲ್ಲರೂ ಅಂಕ ಬರೆದು ಮುಗಿಸಿದ ಮೇಲೇ ಚೀಲ ತೆಗೀರಿ. ಆಮೇಲೆ ಪ್ರತಿ ಬಾಟಲಿಗೆ ಒಂದೇ ಒಂದು ಪ್ರಶ್ನೆ ಬರ್ಕೊಳ್ಳಿ: ಅಳತೆಗೋಲಿನ ಬಾಟಲ್ ಎಷ್ಟು ಕೊಟ್ಟು ಇದನ್ನ ತಗೋತೀನಿ? ಒಂದೂವರೆ ಅಂತ ನಿಮ್ಮ ಕೈ ಬರೆದು, ಹೊರಗೆ ಅದಕ್ಕೆ ಹತ್ತು ಕೇಳ್ತಿದ್ರೆ, ಎಂಟೂವರೆ ಅಭಾವದ ಬೆಲೆ. ಹೋದ ಚಳಿಗಾಲ ನಮ್ಮನೇಲಿ ನಾಲ್ಕು ಜನ ಮಾಡಿದಾಗ ಅತಿ ದುಬಾರಿ ಬಾಟಲ್ ಮೂವರ ಪಟ್ಟೀಲಿ ಮೂರನೇದಾಗಿತ್ತು, ಅಂಗಡಿ ಬಾಟಲ್ ಇಬ್ಬರಿಗೆ ಮೊದಲನೇದು. ಆದ್ರೂ ನಾಲ್ಕನೆಯವನು ದುಬಾರಿಯದ್ದಕ್ಕೇ ನಾಲ್ಕು ಬಾಟಲ್ ಕೊಡ್ತೀನಿ ಅಂತ ಬರೆದಿದ್ದ, ಅವನಿಗೆ ಅದು ನಿಜಕ್ಕೂ ಅಷ್ಟು ಬೆಲೆ ಬಾಳುತ್ತೆ.

ಒಂದೆರಡು ಪ್ರಾಯೋಗಿಕ ಮಾತು. ಅಮೆರಿಕದಲ್ಲಿ ಲೈಸೆನ್ಸ್ ಇಲ್ಲದೆ ಬಿಯರ್ ಮಾರೋದು ಕಾನೂನುಬಾಹಿರ, ಅಂಚೆಯಲ್ಲಿ ಕಳಿಸೋ ಹಾಗೂ ಇಲ್ಲ, ಅದಕ್ಕೇ ಬಾಟಲಿಗೆ ಬಾಟಲ್, ಅದೂ ಮುಖಾಮುಖಿ ಸಿಕ್ಕಿ ಬದಲಾಯಿಸ್ಕೊಳ್ಳೋದು ಒಳ್ಳೇದು. ಊರಿಗೆ ತಗೊಂಡು ಹೋಗೋದಾದ್ರೆ ಸುಂಕ ಇಲ್ಲದೆ ಒಬ್ಬರಿಗೆ 2 ಲೀಟರ್, ಅಂದ್ರೆ 500 ಎಂಎಲ್‌ನ ನಾಲ್ಕು ಬಾಟಲ್. ಚೆಕ್-ಇನ್ ಬ್ಯಾಗ್‌ನಲ್ಲಿ ಒಂದೊಂದಕ್ಕೂ ಜಿಪ್ ಕವರ್ ಹಾಕಿ, ದಪ್ಪ ಸ್ವೆಟರ್ ಸುತ್ತಿ, ಬಟ್ಟೆಗಳ ನಡುವೆ ಇಡಿ. ಊರು ಮುಟ್ಟಿದ ಮೇಲೆ ಒಂದು ವಾರ ಫ್ರಿಜ್‌ನಲ್ಲಿ ನಿಲ್ಲಿಸಿ, ಆಮೇಲೆ ತೆಗೀರಿ.